ಬ್ಲೇಡ್ ವೇಗಕ್ಕೆ ಎಷ್ಟು ದಪ್ಪದ ರಬ್ಬರ್?

ಟೇಬಲ್ ಟೆನ್ನಿಸ್ ರಬ್ಬರ್ ಪೊಟ್ಟಣದ ಮೇಲೆ 1.8, 2.0, 2.1, ಮ್ಯಾಕ್ಸ್ ಅಂತ ಏನೋ ಒಂದು ಬರೆದಿರುತ್ತದೆ. ಬಹಳ ಜನ ಅದನ್ನು ವೇಗದ ಅಂಕಿ ಅಂತ ಓದುತ್ತಾರೆ. ದಪ್ಪ ಅಂದರೆ ಫಾಸ್ಟ್, ತೆಳು ಅಂದರೆ ಕಂಟ್ರೋಲ್. ಹಾಗಾದರೆ ಫಾಸ್ಟ್ ಬ್ಲೇಡ್‌ಗೆ (ರಬ್ಬರ್ ಅಂಟಿಸುವ ಮರದ ಹಲಗೆಗೆ) ತೆಳು ರಬ್ಬರ್, ಸ್ಲೋ ಬ್ಲೇಡ್‌ಗೆ ದಪ್ಪ ರಬ್ಬರ್ ಹಾಕಿದರೆ ಎರಡೂ ಸೇರಿ ಸಮ ಆಗುತ್ತದೆ, ಅಲ್ವಾ?

ಈ ಲೆಕ್ಕ ಅರ್ಧ ಸರಿ. ತೊಂದರೆ ಕೊಡುವುದು ಉಳಿದ ಅರ್ಧ. ಮರದ ನಡುವೆ ಕಾರ್ಬನ್ ನಾರಿನ ಪದರ ಇರುವ ಗಟ್ಟಿ ಬ್ಲೇಡ್‌ಗೆ 1.5 ಎಂಎಂ ರಬ್ಬರ್ ಅಂಟಿಸಿ ನೋಡಿ. ಚೆಂಡು ಹಿಡಿತಕ್ಕೆ ಬರುವ ಬದಲು ಇನ್ನೂ ಚಪ್ಪಟೆಯಾಗಿ ನುಗ್ಗುತ್ತದೆ. ಒಮ್ಮೆ ನೆಟ್‌ಗೆ, ಇನ್ನೊಮ್ಮೆ ಟೇಬಲ್ ಆಚೆಗೆ. ದಪ್ಪ ಎಂಬುದು ವೇಗವನ್ನು ಏರಿಸಿ ಇಳಿಸುವ ಗುಂಡಿಯಲ್ಲ. ನೀವು ಎಷ್ಟು ಜೋರಾಗಿ ಹೊಡೆದಾಗ ಬ್ಲೇಡ್ ಕೆಲಸಕ್ಕೆ ಇಳಿಯುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಆಯ್ಕೆಗಳೆಲ್ಲ ಸುಲಭ.

ಆ ಅಂಕಿ ಯಾವುದರ ಅಳತೆ

ಪೊಟ್ಟಣದ ಮೇಲಿನ ಅಂಕಿ ರಬ್ಬರ್‌ನ ಅಡಿಯ ಪದರವಾದ ಸ್ಪಾಂಜ್‌ನ ದಪ್ಪ ಮಾತ್ರ. ಅದರ ಮೇಲಿರುವ ಟಾಪ್‌ಶೀಟ್, ಅಂದರೆ ಚೆಂಡು ತಾಗುವ ಹಾಳೆ, ಲೆಕ್ಕಕ್ಕಿಲ್ಲ. ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಫೆಡರೇಷನ್) ನಿಯಮದ ಪ್ರಕಾರ ಸ್ಪಾಂಜ್, ಟಾಪ್‌ಶೀಟ್, ಅಂಟು ಮೂರೂ ಸೇರಿ 4.0 ಎಂಎಂ ಮೀರಬಾರದು. ಮ್ಯಾಕ್ಸ್ ಎಂಬುದು ಈ ಮಿತಿಯಿಂದಲೇ ಬಂದದ್ದು. ಟಾಪ್‌ಶೀಟ್ ಎಷ್ಟು ಜಾಗ ತಿನ್ನುತ್ತದೋ ಅದನ್ನು ಬಿಟ್ಟು ಉಳಿದಷ್ಟು ಸ್ಪಾಂಜ್ ತುಂಬುತ್ತಾರೆ. ಹಾಗಾಗಿ ಒಂದು ಕಂಪನಿಯ ಮ್ಯಾಕ್ಸ್ 2.1 ಇದ್ದರೆ ಇನ್ನೊಂದರದ್ದು 2.3 ಇರಬಹುದು. ಹಳೆಯ ಮಾತ್ರವಲ್ಲ, ಹೊಸ ರಬ್ಬರ್‌ಗಳಲ್ಲೂ 2.0 ಎಂದು ಬರೆದದ್ದು ಅಳೆದರೆ ಕೂದಲೆಳೆಯಷ್ಟು ಆಚೀಚೆ ಬರುತ್ತದೆ. 1.9 ಒಳ್ಳೆಯದೋ 2.0 ಒಳ್ಳೆಯದೋ ಅಂತ ರಾತ್ರಿಯಿಡೀ ಚರ್ಚೆ ಮಾಡುವುದರಲ್ಲಿ ಅರ್ಥ ಇಲ್ಲ. 1.5ಕ್ಕೂ 1.8ಕ್ಕೂ ಇರುವ ವ್ಯತ್ಯಾಸ ಕೈಗೆ ಚೆನ್ನಾಗಿ ತಿಳಿಯುತ್ತದೆ. 2.0ದಿಂದ 2.1ಕ್ಕೆ ಹೋದರೆ ಬಹುತೇಕರಿಗೆ ತಿಳಿಯುವುದಿಲ್ಲ.

ಹೊಡೆತದ ಹೊತ್ತಿನಲ್ಲಿ ಆಗುವುದೇನು

ಚೆಂಡು ಬ್ಯಾಟ್ ಮೇಲೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಅದು ರಬ್ಬರ್ ಒಳಗೆ ಇಳಿದು, ಸ್ಪಾಂಜ್ ಒತ್ತಿ, ವಾಪಸ್ ಚಿಮ್ಮುತ್ತದೆ. ಮೆಲ್ಲಗೆ ಪುಶ್ ಮಾಡಿದಾಗ ಟಾಪ್‌ಶೀಟ್ ಮತ್ತು ಸ್ಪಾಂಜ್‌ನ ಮೇಲಿನ ಪದರ ಮಾತ್ರ ಕೆಲಸ ಮಾಡುತ್ತವೆ. ಜೋರಾಗಿ ಹೊಡೆದಾಗ ಸ್ಪಾಂಜ್ ಪೂರ್ತಿ ಒತ್ತಿಕೊಂಡು ಚೆಂಡಿನ ಬಲ ನೇರ ಮರಕ್ಕೆ ಹೋಗುತ್ತದೆ. ತೆಳು ಹಾಸಿಗೆ ಮೇಲೆ ಧಪ್ಪನೆ ಕೂತರೆ ನೆಲ ತಾಗುತ್ತದಲ್ಲ, ಹಾಗೆ. ಆಟಗಾರರು ಇದಕ್ಕೆ ಬಾಟಮ್ ಔಟ್ ಎನ್ನುತ್ತಾರೆ.

ತೆಳು ಸ್ಪಾಂಜ್‌ನಲ್ಲಿ ನೆಲ ಬೇಗ ತಾಗುತ್ತದೆ. ಅಂದರೆ ಸಾಧಾರಣ ಹೊಡೆತಕ್ಕೇ ಬ್ಲೇಡ್‌ನ ಗುಣ ಎದ್ದು ಬರುತ್ತದೆ. ಬ್ಲೇಡ್ ಮೆದುವಾಗಿ ಬಾಗುವಂಥದ್ದಾದರೆ ಅದು ಒಳ್ಳೆಯ ಸುದ್ದಿ. ಮರ ಚೆಂಡನ್ನು ಸ್ವಲ್ಪ ಹಿಡಿದಿಟ್ಟುಕೊಂಡು ಬಿಡುತ್ತದೆ, ಕೈಗೆ ಸ್ಪಷ್ಟ ಸುಳಿವು ಸಿಗುತ್ತದೆ. ಬ್ಲೇಡ್ ಗಟ್ಟಿಯಾದರೆ ಚೆಂಡು ಕಲ್ಲಿಗೆ ತಾಗಿದ ಹಾಗೆ ವಾಪಸ್ ಹಾರುತ್ತದೆ. ಸ್ಪಿನ್ ಹಾಕಲು ಸಮಯವೇ ಸಿಗುವುದಿಲ್ಲ. ಚೆಂಡು ಹಾರುವ ಬಿಲ್ಲಿನಂಥ ದಾರಿ ತಗ್ಗುತ್ತದೆ.

ದಪ್ಪ ಸ್ಪಾಂಜ್‌ನ ಕತೆ ಬೇರೆ. ಚೆಂಡು ಆಳಕ್ಕೆ ಇಳಿಯುತ್ತದೆ, ಲೂಪ್‌ಗೆ (ಚೆಂಡನ್ನು ಉಜ್ಜಿ ಮುಂದಕ್ಕೆ ತಿರುಗಿಸುವ ಟಾಪ್‌ಸ್ಪಿನ್ ಹೊಡೆತಕ್ಕೆ) ಹಿಡಿತ ಜಾಸ್ತಿ, ಬಿಲ್ಲು ಎತ್ತರ. ಆದರೆ ನೀವು ಏನೂ ಮಾಡದಿದ್ದರೂ ಅದು ಸ್ವಲ್ಪ ಚಿಮ್ಮಿಸಿಬಿಡುತ್ತದೆ. ಎದುರಾಳಿಯ ಸ್ಪಿನ್‌ಗೂ ಬೇಗ ಪ್ರತಿಕ್ರಿಯೆ ತೋರಿಸುತ್ತದೆ. ಸರ್ವ್ ರಿಸೀವ್ ಮಾಡುವಾಗ, ಗಿಡ್ಡ ಪುಶ್ ಇಡುವಾಗ, ಸುಮ್ನೆ ಬ್ಲಾಕ್ ಹಿಡಿದಾಗ ಇದು ಕಾಡುತ್ತದೆ.

ಅಂದರೆ ತೆಳು ರಬ್ಬರ್ ಮೆಲ್ಲಗಿನ ಆಟದಲ್ಲಿ ಹಿಡಿತ ಕೊಡುತ್ತದೆ, ದಪ್ಪ ರಬ್ಬರ್ ಪೂರ್ತಿ ಬಲದ ಲೂಪ್‌ನಲ್ಲಿ ಹಿಡಿತ ಕೊಡುತ್ತದೆ. ಕಂಟ್ರೋಲ್ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಿಬಿಡುವುದರಿಂದ ಗೊಂದಲ ಆಗುತ್ತದೆ.

ಹಂತ 1: ನಿಮ್ಮ ಬ್ಲೇಡ್ ನಿಜಕ್ಕೂ ಎಷ್ಟು ಫಾಸ್ಟ್ ನೋಡಿ

ಬ್ಲೇಡ್ ಮೇಲೆ ಡಿಫೆನ್ಸಿವ್, ಆಲ್‌ರೌಂಡ್, ಆಫೆನ್ಸಿವ್ ಎಂಬ ವರ್ಗ ಇರುತ್ತದೆ. ಆಲ್ ಪ್ಲಸ್, ಆಫ್ ಮೈನಸ್ ಎಂಬ ಒಳವರ್ಗಗಳೂ ಉಂಟು. ಇವನ್ನು ಕಂಪನಿಗಳೇ ಕೊಟ್ಟುಕೊಂಡದ್ದು. ಒಂದೇ ಕಂಪನಿಯ ಎರಡು ಬ್ಲೇಡ್ ಹೋಲಿಸಲು ಸಾಕು. ಬೇರೆ ಬೇರೆ ಕಂಪನಿಯದನ್ನು ಹೋಲಿಸಲು ಇದನ್ನು ನಂಬಬೇಡಿ.

ಅದಕ್ಕಿಂತ ರಚನೆ ನೋಡುವುದು ಮೇಲು. 5 ಪದರದ ಪೂರ್ತಿ ಮರದ ಬ್ಲೇಡ್ ಸಾಮಾನ್ಯವಾಗಿ 5.5ರಿಂದ 6 ಎಂಎಂ ಇರುತ್ತದೆ, ಬಾಗುತ್ತದೆ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಈ ಜಾತಿಯದು. 7 ಪದರದವು ಇನ್ನಷ್ಟು ದಪ್ಪ, ಗಟ್ಟಿ. ಸ್ಟಿಗಾ ಕ್ಲಿಪ್ಪರ್ ಇದಕ್ಕೆ ಹಳೆಯ ಉದಾಹರಣೆ. ಬ್ಲೇಡ್‌ನ ದಪ್ಪವನ್ನು ಕಡೆಗಣಿಸಬೇಡಿ. ಅದೇ ಮರ 10 ಶೇಕಡಾ ದಪ್ಪ ಆದರೆ ಬಾಗದಿರುವ ಗುಣ ಸುಮಾರು 33 ಶೇಕಡಾ ಹೆಚ್ಚುತ್ತದೆ. ಯಾಕೆಂದರೆ ಅದು ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಅರ್ಧ ಎಂಎಂ ಕೂಡ ಇಲ್ಲಿ ದೊಡ್ಡ ಮಾತು.

ಕಾರ್ಬನ್ ಇದ್ದರೆ ಅದು ಎಲ್ಲಿದೆ ಎಂದು ಕೇಳಿ. ನಿಯಮದಂತೆ ಬ್ಲೇಡ್‌ನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ಮರವೇ ಇರಬೇಕು. ಆದ್ದರಿಂದ ಕಾರ್ಬನ್ ಬ್ಲೇಡ್ ಅಂದರೂ ಅದು ಬಹುಪಾಲು ಮರ. ನಾರಿನ ಪದರ ಮೇಲಿನ ಮರದ ಹಾಳೆಯ ಕೆಳಗೇ ಇದ್ದರೆ ಅದನ್ನು ಔಟರ್ ಎನ್ನುತ್ತಾರೆ. ಬಟರ್‌ಫ್ಲೈ ವಿಸ್ಕಾರಿಯಾ ಹಾಗಿದೆ. ಇದರಲ್ಲಿ ಸಾಧಾರಣ ಹೊಡೆತಕ್ಕೂ ಚೆಂಡು ಚುರುಕಾಗಿ ಹೊರಡುತ್ತದೆ. ನಾರು ನಡುಭಾಗದ ಮರಕ್ಕೆ ಅಂಟಿಕೊಂಡಿದ್ದರೆ ಇನ್ನರ್. ಇದು ಮೆಲ್ಲಗೆ ಆಡಿದಾಗ ಮರದ ಬ್ಲೇಡ್ ಹಾಗೆ, ಜೋರಾಗಿ ಹೊಡೆದಾಗ ಕಾರ್ಬನ್ ಹಾಗೆ.

ಕಿವಿಯನ್ನೂ ಬಳಸಿ. ರಬ್ಬರ್ ಇಲ್ಲದ ಬ್ಲೇಡನ್ನು ಹಿಡಿಕೆಯ ಬಳಿ ಹಗುರವಾಗಿ ಹಿಡಿದು ನಡುವೆ ಚೆಂಡು ಪುಟಿಸಿ. ಸದ್ದು ತೀಕ್ಷ್ಣ ಆದಷ್ಟೂ ಬ್ಲೇಡ್ ಗಟ್ಟಿ. ಗೆಳೆಯರ ಎರಡು ಮೂರು ಬ್ಲೇಡ್ ಸಿಕ್ಕಿದರೆ ಒಂದರ ಹಿಂದೆ ಒಂದು ಪುಟಿಸಿ ಕೇಳಿ. ಯಾವುದು ಎಲ್ಲಿ ನಿಲ್ಲುತ್ತದೆ ಎಂದು ತಕ್ಷಣ ತಿಳಿಯುತ್ತದೆ.

ಹಂತ 2: ನಿಮ್ಮ ಸಾಮಾನ್ಯ ಹೊಡೆತ ಎಷ್ಟು ಜೋರು

ಅತಿ ಜೋರಿನ ಹೊಡೆತವಲ್ಲ, ಸಾಮಾನ್ಯ ಹೊಡೆತ. ಮ್ಯಾಚ್‌ನಲ್ಲಿ 8-8 ಆದಾಗ ಕೈ ಎಷ್ಟು ಬೀಸುತ್ತದೋ ಅಷ್ಟು. ಅಭ್ಯಾಸದಲ್ಲಿ ಎಲ್ಲರೂ ಜೋರಾಗಿ ಹೊಡೆಯುತ್ತಾರೆ, ಆ ಕೈಯನ್ನು ನೋಡಿ ರಬ್ಬರ್ ಕೊಂಡರೆ ಮ್ಯಾಚ್‌ನಲ್ಲಿ ಅದು ನಿಮ್ಮದಾಗಿರುವುದಿಲ್ಲ.

ಪಾಯಿಂಟ್ ಹೇಗೆ ಬರುತ್ತದೆ ಎಂದೂ ನೋಡಿಕೊಳ್ಳಿ. ಟೇಬಲ್ ಪಕ್ಕ ನಿಂತು ಬ್ಲಾಕ್ ಮಾಡಿ, ಎದುರಾಳಿ ತಪ್ಪುವ ತನಕ ಕಾಯುವವರಿಗೆ ದಪ್ಪ ಸ್ಪಾಂಜ್‌ನಿಂದ ಲಾಭ ಕಡಿಮೆ. ಎರಡು ಹೆಜ್ಜೆ ಹಿಂದೆ ಸರಿದು ಟಾಪ್‌ಸ್ಪಿನ್ ಮೇಲೆ ಟಾಪ್‌ಸ್ಪಿನ್ ಹಾಕುವವರಿಗೆ ತೆಳು ಸ್ಪಾಂಜ್ ಸಾಲುವುದೇ ಇಲ್ಲ.

ಹಂತ 3: ದಪ್ಪಕ್ಕಿಂತ ಮೊದಲು ಸ್ಪಾಂಜ್ ಎಷ್ಟು ಗಟ್ಟಿ ನೋಡಿ

ಇದನ್ನು ಬಿಟ್ಟು ದಪ್ಪದ ಮಾತಾಡಿದರೆ ಮಾತೇ ಅಪೂರ್ಣ. ಮೆದು ಸ್ಪಾಂಜ್ ಬೇಗ ಒತ್ತಿಹೋಗುತ್ತದೆ. ಅದರಲ್ಲಿ 1.8 ತೆಗೆದುಕೊಂಡರೆ ಗಟ್ಟಿ ಸ್ಪಾಂಜ್‌ನ 1.5ರ ಹಾಗೆ ವರ್ತಿಸಬಹುದು. ಗಟ್ಟಿ ಸ್ಪಾಂಜ್ ಸುಲಭಕ್ಕೆ ಒತ್ತುವುದಿಲ್ಲ. ಅದರಲ್ಲಿ ಒಂದು ಮೆಟ್ಟಿಲು ತೆಳುವಿಗೆ ಇಳಿದರೂ ಕಳೆದುಕೊಳ್ಳುವುದು ಕಡಿಮೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಮೆದು ಸ್ಪಾಂಜ್ ಕೊಳ್ಳುವವರು ದಪ್ಪದ ಕಡೆ ವಾಲಬೇಕು. ಗಟ್ಟಿ ಸ್ಪಾಂಜ್ ಕೊಳ್ಳುವವರು ಧೈರ್ಯವಾಗಿ 1.9ಕ್ಕೆ ಇಳಿಯಬಹುದು.

ಸ್ಪಾಂಜ್ ಎಷ್ಟು ಗಟ್ಟಿ ಎಂದು ಹೇಳುವ ಡಿಗ್ರಿ ಅಂಕಿಗಳನ್ನು ಹೋಲಿಸುವಾಗ ಎಚ್ಚರ. ಜಪಾನಿನವರ ಅಳತೆ ಬೇರೆ, ಜರ್ಮನಿಯವರದು ಬೇರೆ, ಚೀನಾದ್ದು ಮತ್ತೂ ಬೇರೆ. ಬಟರ್‌ಫ್ಲೈ ಟೆನರ್ಜಿ 05ರ ಸ್ಪಾಂಜ್ 36 ಡಿಗ್ರಿ ಎಂದಿದೆ. ಜರ್ಮನಿಯಲ್ಲಿ ತಯಾರಾದ ರಬ್ಬರ್ ಮೇಲೆ 47 ಎಂದಿರುತ್ತದೆ. ಕೈಯಲ್ಲಿ ಎರಡೂ ಹತ್ತಿರ ಹತ್ತಿರ. ಡಿಎಚ್‌ಎಸ್ ಹರಿಕೇನ್ 3ರ ಮೇಲೆ 39 ಎಂದು ಕಂಡರೆ ಮೆದು ಅಂದುಕೊಳ್ಳಬೇಡಿ. ಅದು ಈ ಎರಡಕ್ಕಿಂತಲೂ ಗಟ್ಟಿ.

ರಬ್ಬರ್‌ನ ಪೀಳಿಗೆಯೂ ಮುಖ್ಯ. 2008ರಲ್ಲಿ ಸ್ಪೀಡ್ ಗ್ಲೂ ಎಂಬ ಅಂಟಿನ ನಿಷೇಧ ಆದ ಮೇಲೆ, ಅದು ಕೊಡುತ್ತಿದ್ದ ಚಿಮ್ಮುವ ಗುಣವನ್ನು ತಯಾರಿಸುವಾಗಲೇ ಒಳಗೆ ತುಂಬಿಸಿದ ಟೆನ್ಷನ್ ರಬ್ಬರ್‌ಗಳು ಎಲ್ಲೆಡೆ ಬಂದವು. ಇಂಥ ರಬ್ಬರ್‌ನ 2.0 ಎಂಬುದು ಯಾಸಾಕಾ ಮಾರ್ಕ್ ವಿ, ಬಟರ್‌ಫ್ಲೈ ಸ್ರೈವರ್ ಥರದ ಹಳೆಯ ರಬ್ಬರ್‌ಗಳ 2.0ಕ್ಕಿಂತ ಎಷ್ಟೋ ಚುರುಕು. ಹಳೆಯ ಆಟಗಾರರು "ಆಲ್‌ರೌಂಡ್ ಬ್ಲೇಡ್‌ಗೆ 2.0 ಹಾಕು" ಅಂದರೆ ಅವರ ಮನಸ್ಸಿನಲ್ಲಿ ಯಾವ ರಬ್ಬರ್ ಇದೆ ಎಂದು ಕೇಳಿಕೊಳ್ಳಿ. ಇನ್ನೊಂದು ಕಡೆ, 2014ರಲ್ಲಿ ಬಂದ ಪ್ಲಾಸ್ಟಿಕ್ ಚೆಂಡು ಹಳೆಯ ಸೆಲ್ಯುಲಾಯ್ಡ್ ಚೆಂಡಿಗಿಂತ ಕಡಿಮೆ ತಿರುಗುತ್ತದೆ. ಆದ್ದರಿಂದ ಆಗ 1.8ರಲ್ಲಿ ಸಿಗುತ್ತಿದ್ದ ಸ್ಪಿನ್‌ಗೆ ಈಗ ಸ್ವಲ್ಪ ದಪ್ಪ ಬೇಕಾಗಬಹುದು.

ಹಂತ 4: ಶುರುವಿಗೆ ಒಂದು ಅಂಕಿ ಇಟ್ಟುಕೊಳ್ಳಿ

ಕೆಳಗಿನವು ಕಾನೂನಲ್ಲ. ಇಲ್ಲಿಂದ ಶುರು ಮಾಡಿ, ಆಮೇಲೆ ಆಚೀಚೆ ಸರಿಯಿರಿ.

ಈಗಷ್ಟೇ ಕಲಿಯುತ್ತಿರುವವರು 5 ಪದರದ ಆಲ್‌ರೌಂಡ್ ಬ್ಲೇಡ್ ಇಟ್ಟುಕೊಂಡಿದ್ದರೆ ಎರಡೂ ಕಡೆ 1.8 ಸಾಕು. ಅದಕ್ಕಿಂತ ತೆಳು ಹಾಕಿದರೆ ಟಾಪ್‌ಸ್ಪಿನ್ ಕಲಿಯುವುದು ಕಷ್ಟ, ಯಾಕೆಂದರೆ ಸರಿಯಾಗಿ ಉಜ್ಜಿದಾಗಲೂ ರಬ್ಬರ್ ಬಹುಮಾನ ಕೊಡುವುದಿಲ್ಲ. ಲೂಪ್ ನೆಚ್ಚಿಕೊಳ್ಳುವ ಹಾಗೆ ಆದ ಮೇಲೆ ಅದೇ ಬ್ಲೇಡ್‌ಗೆ 2.0 ಹಾಕಿ. ಬಾಗುವ ಮರದ ಬ್ಲೇಡ್, ಮೇಲೆ ದಪ್ಪನೆಯ ಚುರುಕು ರಬ್ಬರ್: ನನಗೆ ಕೇಳಿದರೆ ಸುಧಾರಿಸುತ್ತಿರುವ ಆಟಗಾರರಿಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ. ವೇಗ ರಬ್ಬರ್‌ನಿಂದ ಬರುತ್ತದೆ, ನಿಧಾನ ಬ್ಲೇಡ್‌ನಿಂದ ಬರುತ್ತದೆ. ಬೇಕೆಂದಾಗ ಮಾತ್ರ ಜೋರು.

ಆಫ್ ಮೈನಸ್ ಮರದ ಬ್ಲೇಡ್‌ಗೆ ಫೋರ್‌ಹ್ಯಾಂಡ್ 2.0 ಅಥವಾ 2.1, ಬ್ಯಾಕ್‌ಹ್ಯಾಂಡ್ 1.9 ಅಥವಾ 2.0. ಇಲ್ಲಿ ಯೋಚನೆ ಮಾಡುವಂಥದ್ದು ಹೆಚ್ಚಿಲ್ಲ.

7 ಪದರದ ಗಟ್ಟಿ ಮರದ ಬ್ಲೇಡ್ ಮತ್ತು ಔಟರ್ ಕಾರ್ಬನ್‌ನಲ್ಲೇ ಜನ ಎಡವುವುದು. ಬ್ಲೇಡ್ ಫಾಸ್ಟ್ ಅಂತ ಹೆದರಿ 1.5, 1.7ಕ್ಕೆ ಇಳಿಯುತ್ತಾರೆ. ಮೇಲೆ ಹೇಳಿದ ಹಾಗೆ ಆಗ ಪ್ರತಿ ಹೊಡೆತವೂ ಗಟ್ಟಿ ಮರಕ್ಕೆ ತಾಗುತ್ತದೆ. ಲೂಪ್ ಹಾಕುವವರಾದರೆ ಇಲ್ಲಿ 1.9ಕ್ಕಿಂತ ಕೆಳಗೆ ಹೋಗಬೇಡಿ. ವೇಗ ತಗ್ಗಿಸಲೇಬೇಕು ಎಂದಾದರೆ ದಪ್ಪವನ್ನು ಇಳಿಸುವ ಬದಲು ಕಡಿಮೆ ಚಿಮ್ಮುವ ರಬ್ಬರ್ ಆರಿಸಿ. ಹಳೆ ಶೈಲಿಯ ರಬ್ಬರ್ ಅಥವಾ ಟಾಪ್‌ಶೀಟ್ ಅಂಟಂಟಾಗಿರುವ ಗಟ್ಟಿ ಚೀನಾ ರಬ್ಬರ್ 2.0ದಲ್ಲಿ ಹಾಕಿದರೆ ಗಿಡ್ಡ ಚೆಂಡಿನ ಆಟ ಹಿಡಿತಕ್ಕೆ ಬರುತ್ತದೆ, ಲೂಪ್‌ಗೆ ಬೇಕಾದ ಆಳವೂ ಉಳಿಯುತ್ತದೆ. ಚೀನಾ ರಬ್ಬರ್‌ನ ದಾರಿ ಚೆನ್ನಾಗಿ ಕೈ ಬೀಸುವವರಿಗೆ ಮಾತ್ರ. ಮೆಲ್ಲಗೆ ಆಡಿದರೆ ಆ ರಬ್ಬರ್ ಹಲಗೆಯ ಹಾಗಿರುತ್ತದೆ.

ಲೂಪ್‌ಗಿಂತ ಚಪ್ಪಟೆ ಹೊಡೆತವನ್ನೇ ನೆಚ್ಚಿಕೊಂಡವರಿಗೆ ಈ ಸಲಹೆ ತಿರುವುಮುರುವಾಗುತ್ತದೆ. ಗಿಡ್ಡ ಪಿಂಪಲ್ (ಹೊರಮೈಯಲ್ಲಿ ಪುಟ್ಟ ಗುಬಟುಗಳಿರುವ) ರಬ್ಬರ್ 1.5ರಿಂದ 1.8 ಇಟ್ಟುಕೊಂಡು ಫಾಸ್ಟ್ ಬ್ಲೇಡ್‌ನಲ್ಲಿ ಟೇಬಲ್ ಬಿಟ್ಟು ಕದಲದೆ ಆಡುವವರಿಗೆ ಆ ಬೇಗ ತಾಗುವ ಮರವೇ ಬೇಕಾಗಿರುವುದು.

ಇನ್ನರ್ ಕಾರ್ಬನ್‌ಗೆ 2.0 ಅಥವಾ 2.1 ಹಾಕಿ ಮುಂದೆ ಹೋಗಿ.

ಚಾಪ್ ಮಾಡುವ, ಅಂದರೆ ಹಿಂದೆ ನಿಂತು ಚೆಂಡಿಗೆ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವಿಕೆ) ಕೊಟ್ಟು ವಾಪಸ್ ಕಳಿಸುವ, ಡಿಫೆಂಡರ್‌ಗಳದು ಬೇರೆಯೇ ಲೋಕ. ಬ್ಲೇಡ್ ಸ್ಲೋ, ಅದರ ತಲೆ ದೊಡ್ಡದು. ಬ್ಯಾಕ್‌ಹ್ಯಾಂಡ್‌ನಲ್ಲಿ ಉದ್ದ ಪಿಂಪಲ್ ಇದ್ದರೆ 0.5ರಿಂದ 1.0. ಟೇಬಲ್ ಪಕ್ಕವೇ ನಿಂತು ಬ್ಲಾಕ್ ಮಾಡುವವರು ಸ್ಪಾಂಜೇ ಇಲ್ಲದ ಓಎಕ್ಸ್ ಹಾಕುತ್ತಾರೆ. ಫೋರ್‌ಹ್ಯಾಂಡ್‌ನಲ್ಲೂ ಚಾಪ್ ಮಾಡುವುದೇ ಮುಖ್ಯವಾದರೆ 1.5 ಸಾಕು. ಆದರೆ 2003ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ವರೆಗೆ ಹೋದ ದಕ್ಷಿಣ ಕೊರಿಯಾದ ಜೂ ಸೆ-ಹ್ಯೂಕ್ ಹಾಗೆ ಚಾಪ್ ಮಾಡುತ್ತಾ ಮಾಡುತ್ತಾ ತಟ್ಟನೆ ಫೋರ್‌ಹ್ಯಾಂಡ್ ದಾಳಿಗೆ ಇಳಿಯುವ ಆಸೆ ಇದ್ದರೆ 1.8, 1.9 ಬೇಕು. ಸ್ಲೋ ಬ್ಲೇಡ್ ಮೇಲೆ 1.5ರಿಂದ ಎದುರಾಳಿಯನ್ನು ಹಿಂದೆ ತಳ್ಳುವಷ್ಟು ಬಲ ಹುಟ್ಟುವುದಿಲ್ಲ.

ಹಂತ 5: ಎರಡೂ ಕಡೆ ಒಂದೇ ಇರಬೇಕಿಲ್ಲ

ಫೋರ್‌ಹ್ಯಾಂಡ್ ಬೀಸು ದೊಡ್ಡದು, ಭುಜ ಸೊಂಟ ಎಲ್ಲ ಸೇರುತ್ತವೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಮೊಣಕೈ ಮತ್ತು ಮಣಿಕಟ್ಟಿನ ಕೆಲಸ ಜಾಸ್ತಿ, ಬ್ಲಾಕ್ ಮಾಡುವುದೂ ಹೆಚ್ಚಾಗಿ ಅಲ್ಲೇ. ಆದ್ದರಿಂದ ಬ್ಯಾಕ್‌ಹ್ಯಾಂಡ್‌ಗೆ ಒಂದು ಮೆಟ್ಟಿಲು ತೆಳು ಅಥವಾ ಒಂದು ಮೆಟ್ಟಿಲು ಮೆದು ಹಾಕುವುದು ರೂಢಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೆದುವೂ ಆಗಿ ತೆಳುವೂ ಆದ ರಬ್ಬರ್ ಫಾಸ್ಟ್ ಬ್ಲೇಡ್ ಮೇಲೆ ಅತಿ ಬೇಗ ನೆಲ ಮುಟ್ಟುತ್ತದೆ.

ಹಂತ 6: ತೂಕ

ಕೈಗೆ ತಿಳಿಯುವ ಬದಲಾವಣೆಗಳಲ್ಲಿ ಇದೂ ಒಂದು. ಕತ್ತರಿಸಿದ ಒಂದು ರಬ್ಬರ್ ಸುಮಾರು 40ರಿಂದ 50 ಗ್ರಾಂ ತೂಗುತ್ತದೆ, ಗಟ್ಟಿ ಸ್ಪಾಂಜ್ ಇದ್ದರೆ ಇನ್ನೂ ಜಾಸ್ತಿ. 1.8ರಿಂದ 2.1ಕ್ಕೆ ಏರಿದರೆ ಒಂದು ಬದಿಗೆ ಸುಮಾರು 2 ಗ್ರಾಂ ಹೆಚ್ಚು. ಎರಡೂ ಬದಿ ಸೇರಿ 4 ಗ್ರಾಂ, ಅದೂ ಪೂರ್ತಿ ಬ್ಯಾಟ್‌ನ ತಲೆಯ ಕಡೆ. ಬ್ಯಾಟ್ ತಲೆಭಾರ ಆಗಿ ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ತಿರುಗುವಾಗ ಒಂದು ಕ್ಷಣ ತಡವಾಗುತ್ತದೆ. ಬ್ಲೇಡ್ 90 ಗ್ರಾಂ ಆಸುಪಾಸಿನದಾದರೆ ಮ್ಯಾಕ್ಸ್ ತೆಗೆದುಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಮಣಿಕಟ್ಟು ನೋಯುತ್ತಿದ್ದರೆ ಯೋಚಿಸುವುದೂ ಬೇಡ.

ಹಂತ 7: ಅಂಟಿಸಿ, ಪರೀಕ್ಷಿಸಿ

ನೀರಿನ ಅಂಟನ್ನು ಸ್ಪಾಂಜ್‌ಗೂ ಬ್ಲೇಡ್‌ಗೂ ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಎಳೆಯದೆ ಕೂರಿಸಿ. ದಪ್ಪ ದಪ್ಪ ಅಂಟು ಹಚ್ಚಿದರೆ ಮರದ ಸ್ಪರ್ಶ ಮಂಕಾಗುತ್ತದೆ, ಒಟ್ಟು ದಪ್ಪವೂ ಏರುತ್ತದೆ. ಬ್ಯಾಟ್ ಪರಿಶೀಲನೆ ಇರುವ ಟೂರ್ನಿಗಳಲ್ಲಿ ಆಡುವವರು ಮ್ಯಾಕ್ಸ್ ರಬ್ಬರ್ ಅಂಟಿಸಿದ ಮೇಲೆ ಅಂಚಿನಿಂದ ಒಮ್ಮೆ ಅಳೆದುಕೊಳ್ಳಿ. 4.0 ದಾಟಿದರೆ ಆ ಬ್ಯಾಟ್ ಆಡಲು ಬಿಡುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ಲೇಡ್, ರಬ್ಬರ್, ದಪ್ಪ ಮೂರನ್ನೂ ಒಟ್ಟಿಗೆ ಬದಲಿಸಿದರೆ ಏನು ಸರಿಹೋಯಿತು, ಏನು ಕೆಟ್ಟಿತು ಎಂದು ದೇವರಿಗೂ ತಿಳಿಯುವುದಿಲ್ಲ. ಸವೆದ ರಬ್ಬರನ್ನು ಹೊಸದರ ಜೊತೆ ಹೋಲಿಸುವುದೂ ತಪ್ಪು. ಹಳೆಯ 2.0 ಹಿಡಿತ ಕಳೆದುಕೊಂಡಿರುತ್ತದೆ, ಹೊಸ 1.8 ಅದಕ್ಕಿಂತ ಚುರುಕಾಗಿ ಕಂಡರೆ ಅದಕ್ಕೆ ದಪ್ಪ ಕಾರಣವಲ್ಲ. ಕೆಲವು ವಾರ ಆಡಿ, ಕೈ ಒಗ್ಗಲಿ. ಆಮೇಲೆ ನಾಲ್ಕು ಹೊಡೆತ ಗಮನಿಸಿ.

ಮೊದಲು ಬ್ಲಾಕ್. ಜೊತೆಗಾರರು ಒಂದೇ ಸಮನೆ ಟಾಪ್‌ಸ್ಪಿನ್ ಕೊಡಲಿ, ನೀವು ಬ್ಯಾಟನ್ನು ಸುಮ್ನೆ ಇಡಿ. ಕೋನ ತಗ್ಗಿಸಿದರೂ ಚೆಂಡು ಉದ್ದ ಹೋಗುತ್ತಿದ್ದರೆ ಆ ಬದಿಯ ದಪ್ಪ ಒಂದು ಮೆಟ್ಟಿಲು ಇಳಿಸುವುದು ಸರಿ.

ಆಮೇಲೆ ಬ್ಯಾಕ್‌ಸ್ಪಿನ್ ಮೇಲೆ ಎತ್ತುವ ಮೊದಲ ಲೂಪ್. ಚೆಂಡು ಮತ್ತೆ ಮತ್ತೆ ನೆಟ್‌ಗೆ ಬೀಳುತ್ತಿದ್ದರೆ, ಅದರಲ್ಲೂ ಅರೆಬಲದ ಲೂಪ್‌ನಲ್ಲೇ ಟಕ್ ಟಕ್ ಎಂದು ಮರದ ಸದ್ದು ಕೇಳುತ್ತಿದ್ದರೆ, ಸ್ಪಾಂಜ್ ಸಾಲುತ್ತಿಲ್ಲ. ಒಂದು ಮೆಟ್ಟಿಲು ದಪ್ಪಕ್ಕೆ ಹೋಗಿ, ಇಲ್ಲವೇ ಅದೇ ದಪ್ಪದಲ್ಲಿ ಸ್ವಲ್ಪ ಗಟ್ಟಿ ಸ್ಪಾಂಜ್ ನೋಡಿ. ಪೂರ್ತಿ ಬಲದ ಸ್ಮ್ಯಾಶ್‌ನಲ್ಲಿ ಅದೇ ಸದ್ದು ಕೇಳಿದರೆ ಚಿಂತೆ ಇಲ್ಲ, ಅದು ಹಾಗೇ ಇರಬೇಕು.

ಮೂರನೆಯದು ಗಿಡ್ಡ ಪುಶ್. ಎದುರು ಬದಿಯಲ್ಲಿ ಎರಡು ಸಲ ಪುಟಿಯುವಷ್ಟು ಗಿಡ್ಡ ಇಡಲು ಆಗುತ್ತಿದೆಯೇ ನೋಡಿ. ಆಗದಿದ್ದರೆ ದಪ್ಪವನ್ನು ದೂರುವ ಮೊದಲು ಟಾಪ್‌ಶೀಟ್ ಎಷ್ಟು ಚಿಮ್ಮುತ್ತದೆ ನೋಡಿ. ಇಷ್ಟು ಮೆಲ್ಲಗಿನ ಹೊಡೆತದಲ್ಲಿ ಸ್ಪಾಂಜ್‌ನ ತಳ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಕೊನೆಗೆ, ಟೇಬಲ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತು ಟಾಪ್‌ಸ್ಪಿನ್‌ಗೆ ಟಾಪ್‌ಸ್ಪಿನ್. ಇಲ್ಲಿ ಚೆಂಡು ಟೇಬಲ್ ಮುಟ್ಟುವಷ್ಟರಲ್ಲಿ ಸತ್ತುಹೋಗುತ್ತಿದ್ದರೆ ದಪ್ಪ ಬೇಕು. ಈಗಾಗಲೇ 2.1 ಇದ್ದರೆ ಬೇಕಾಗಿರುವುದು ಚುರುಕು ಬ್ಲೇಡ್. ಹಾಗೆಯೇ ಬ್ಲಾಕ್ ಉದ್ದ ಹೋಗುತ್ತದೆಂದು ಒಂದು ಮೆಟ್ಟಿಲು ಇಳಿಸಿ, ಮತ್ತೊಂದು ಮೆಟ್ಟಿಲು ಇಳಿಸಿ, 1.7ಕ್ಕೆ ಬಂದರೂ ಅದೇ ಕತೆಯಾದರೆ ರಬ್ಬರ್ ಕೊಳ್ಳುವುದು ನಿಲ್ಲಿಸಿ. ಆ ಬ್ಲೇಡ್ ನಿಮ್ಮ ಕೈಗೆ ಜಾಸ್ತಿ ಗಟ್ಟಿ. ಅದನ್ನು ಬದಿಗಿಟ್ಟು ಒಂದು ವರ್ಗ ಕೆಳಗಿನ 5 ಪದರದ ಮರದ ಬ್ಲೇಡ್‌ಗೆ 2.0 ಅಂಟಿಸಿ ಆಡಿ ನೋಡಿ.